ಯಾಳ್ಪಾಣದ ಗ್ರಂಥಾಲಯ

ತಮಿಳುನಾಡಿನ ಕಡಲತಡಿಯಿಂದ ಪಾಕ್ ಜಲಸಂಧಿಯನ್ನು ದಾಟಿದರೆ ಶ್ರೀಲಂಕೆಯ ಉತ್ತರದ ತುದಿ ಸಿಕ್ಕುತ್ತದೆ. ಮೂರು ಕಡೆ ನೀರು, ನಡುವೆ ಸುಣ್ಣಕಲ್ಲಿನ ಚಪ್ಪಟೆ ನೆಲ. ಅಲ್ಲಿ ಹೇಳಿಕೊಳ್ಳುವಂತಹ ನದಿಯಿಲ್ಲ, ಬೆಟ್ಟವಿಲ್ಲ. ಎತ್ತ ನೋಡಿದರೂ ತಾಳೆಯ ಮರಗಳು. ಬಾವಿಯ ನೀರನ್ನು ಎತ್ತಿ ಹೊಗೆಸೊಪ್ಪು, ಈರುಳ್ಳಿಗಳನ್ನು ಬೆಳೆದು ಬಾಳಿದ ಶ್ರಮಜೀವಿಗಳ ನಾಡು ಅದು. ಲೋಕ ಅದನ್ನು ಜಾಫ್ನಾ ಎಂದು ಕರೆಯುತ್ತದೆ. ಅಲ್ಲಿಯ ತಮಿಳರು ಯಾಳ್ಪಾಣವೆನ್ನುತ್ತಾರೆ. ‘ಯಾಳ್’ ಎಂದರೆ ವೀಣೆಯಂತಹ ಒಂದು ಪ್ರಾಚೀನ ತಂತಿವಾದ್ಯ. ಯಾಳನ್ನು ನುಡಿಸಿ ಅರಸನನ್ನು ಮೆಚ್ಚಿಸಿದ ಕುರುಡ ಗಾಯಕನೊಬ್ಬನಿಗೆ ಈ ನೆಲ ಉಂಬಳಿಯಾಗಿ ದೊರೆಯಿತೆಂಬುದು ಐತಿಹ್ಯ. ಸಂಗೀತದಿಂದ ಹೆಸರನ್ನು ಪಡೆದ ಈ ಊರು ಇಪ್ಪತ್ತಾರು ವರ್ಷಗಳ ಕಾಲ ಫಿರಂಗಿಯ ಸದ್ದನ್ನು ಕೇಳುತ್ತ ಬದುಕಬೇಕಾಯಿತು. ಆ ಕಥೆಯನ್ನು ಹೇಳಲು ಅಲ್ಲಿಯ ಒಂದು ಕಟ್ಟಡವೇ ಸಾಕು. ಅದು ಯಾಳ್ಪಾಣದ ಸಾರ್ವಜನಿಕ ಗ್ರಂಥಾಲಯ.

ಈ ಗ್ರಂಥಾಲಯ ಅರಸರು ಕಟ್ಟಿಸಿದುದಲ್ಲ. 1933ರಲ್ಲಿ ಕೆ. ಎಂ. ಚೆಲ್ಲಪ್ಪ ಎಂಬ ವಿದ್ಯಾಪ್ರೇಮಿ ತಮ್ಮ ಮನೆಯಲ್ಲೇ ಪುಸ್ತಕಗಳನ್ನು ಕೂಡಿಹಾಕಿ ಊರವರಿಗೆ ಓದಲು ಕೊಡತೊಡಗಿದರು. ಮರುವರ್ಷ ಊರಿನ ಹಿರಿಯರು ಕೈಗೂಡಿಸಿ ಬಾಡಿಗೆಯ ಒಂದು ಸಣ್ಣ ಕೊಠಡಿಯಲ್ಲಿ ಅದನ್ನು ನೆಲೆಗೊಳಿಸಿದರು. ಆಗ ಅದರಲ್ಲಿದ್ದುದು 844 ಪುಸ್ತಕಗಳು, ಸುಮಾರು ಮೂವತ್ತು ಪತ್ರಿಕೆಗಳು. ಓದುವ ಹಂಬಲವಿದ್ದ ಆ ಜನ ಕೊಠಡಿ ಸಾಲದಾದಾಗ ಭವನವನ್ನೇ ಕಟ್ಟಲು ಮನಸ್ಸು ಮಾಡಿದರು. ಮದರಾಸಿನ ವಾಸ್ತುಶಿಲ್ಪಿ ನರಸಿಂಹನ್ ದ್ರಾವಿಡ ಶೈಲಿಯಲ್ಲಿ ಅದರ ನಕ್ಷೆಯನ್ನು ರಚಿಸಿದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಸಲಹೆಯಿತ್ತರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವೊಂದನ್ನು ಸ್ಥಾಪಿಸಿದ ಮಹನೀಯರು ಅವರೇ. 1959ರಲ್ಲಿ ನಗರದ ಮೇಯರ್ ಆಲ್‌ಫ್ರೆಡ್ ದುರೈಯಪ್ಪ ಹೊಸ ಭವನದ ಬಾಗಿಲನ್ನು ತೆರೆದರು. ಬಿಳಿಯ ಗೋಡೆ, ನಡುವೆ ಗುಮ್ಮಟ, ಎದುರಿಗೆ ಸರಸ್ವತಿಯ ವಿಗ್ರಹ. ಹಿಂದುಗಳು, ಕ್ರೈಸ್ತರು, ಮುಸಲ್ಮಾನರು ಎಲ್ಲರೂ ಅಲ್ಲಿ ಓದಿದರು. ಕಾಲಕ್ರಮದಲ್ಲಿ ಅದರ ಪುಸ್ತಕಗಳೂ ತಾಳೆಯೋಲೆಯ ಹಸ್ತಪ್ರತಿಗಳೂ ಸೇರಿ ಸುಮಾರು 97,000ಕ್ಕೆ ಏರಿದುವು.

ಆ ಭವನಕ್ಕೆ ಒದಗಿದ ಗತಿಯನ್ನು ತಿಳಿಯಬೇಕಾದರೆ ಆ ದ್ವೀಪದ ಜನಜೀವನವನ್ನು ಸ್ವಲ್ಪ ಅರಿಯಬೇಕು. ಶ್ರೀಲಂಕೆಯ ಜನರಲ್ಲಿ ಸುಮಾರು ಮುಕ್ಕಾಲು ಪಾಲು ಸಿಂಹಳೀಯರು. ಅವರಲ್ಲಿ ಹೆಚ್ಚಿನವರು ಬೌದ್ಧರು. ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಶತಶತಮಾನಗಳಿಂದ ನೆಲೆಸಿದ ತಮಿಳರಿದ್ದಾರೆ. ಅವರಲ್ಲಿ ಹೆಚ್ಚಿನವರು ಹಿಂದುಗಳು. ತಮಿಳನ್ನೇ ಆಡುವ ಮುಸಲ್ಮಾನರು ತಮ್ಮನ್ನು ಬೇರೆಯೇ ಒಂದು ಸಮುದಾಯವೆಂದು ಎಣಿಸುತ್ತಾರೆ. ಇವರಲ್ಲದೆ, ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ಕಾಫಿ ಮತ್ತು ಚಹದ ತೋಟಗಳ ದುಡಿಮೆಗಾಗಿ ದಕ್ಷಿಣ ಭಾರತದಿಂದ ಕರೆದೊಯ್ದ ಕೂಲಿಗಳ ಸಂತತಿಯವರು ನಡುಲಂಕೆಯ ಬೆಟ್ಟಗಳಲ್ಲಿ ವಾಸವಾಗಿದ್ದಾರೆ. ಬ್ರಿಟಿಷರ ಆಳ್ವಿಕೆಯಲ್ಲಿ ಮಿಷನರಿ ಶಾಲೆಗಳು ಯಾಳ್ಪಾಣದಲ್ಲಿ ಬಹುವಾಗಿ ಬೆಳೆದುವು. ಬೇಸಾಯಕ್ಕೆ ಒದಗದ ನೆಲದಲ್ಲಿ ಹುಟ್ಟಿದ ತರುಣರಿಗೆ ವಿದ್ಯೆಯೇ ಹೊಲವಾಯಿತು. ಇಂಗ್ಲಿಷ್ ಕಲಿತು ಅವರು ಸರಕಾರಿ ನೌಕರಿಗಳಲ್ಲಿ ತಮ್ಮ ಸಂಖ್ಯೆಯನ್ನು ಮೀರಿದ ಸ್ಥಾನವನ್ನು ಪಡೆದರು. ಸ್ವಾತಂತ್ರ್ಯ ಬಂದಾಗ, ತಮ್ಮ ನಾಡಿನಲ್ಲಿ ತಮಗೇ ಹಿಂದಿನ ಸಾಲು ದೊರೆಯಿತೆಂಬ ಕೊರಗು ಸಿಂಹಳೀಯರ ಮನದಲ್ಲಿದ್ದಿತು. ಕೊರಗು ನಿಜವಾದುದೇ, ಅದಕ್ಕೆ ಹುಡುಕಿದ ಮದ್ದು ಮಾತ್ರ ರೋಗಕ್ಕಿಂತ ಕೆಟ್ಟದಾಯಿತು.

1948ರ ಫೆಬ್ರವರಿ 4ರಂದು ಸಿಂಹಳ ದ್ವೀಪ ಸ್ವತಂತ್ರವಾಯಿತು. ಅದೇ ವರ್ಷ ಬಂದ ಪೌರತ್ವದ ಕಾಯಿದೆ ತೋಟದ ತಮಿಳರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಲಾಲ್‌ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದವನ್ನು ಮಾಡಿಕೊಂಡರು. ಆ ಪ್ರಕಾರ 5,25,000 ಮಂದಿಯನ್ನು ಭಾರತ ಸ್ವೀಕರಿಸಬೇಕೆಂದೂ 3,00,000 ಮಂದಿಗೆ ಲಂಕೆಯ ಪೌರತ್ವ ದೊರೆಯಬೇಕೆಂದೂ ಗೊತ್ತಾಯಿತು. ಹೀಗೆ ಕಡಲು ದಾಟಿ ಬಂದವರಲ್ಲಿ ಕೆಲವು ಕುಟುಂಬಗಳು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಸಿದುವು. ಅವರ ಮೊಮ್ಮಕ್ಕಳು ಇಂದು ಕನ್ನಡ ಶಾಲೆಗಳಲ್ಲಿ ಅಕ್ಷರವನ್ನು ತಿದ್ದಿದವರು. ತಮ್ಮ ಹಿರಿಯರು ನೂರು ವರ್ಷ ದುಡಿದ ನೆಲದಲ್ಲೇ ಪರಕೀಯರಾದುದನ್ನು ಅವರು ಮನೆಯ ಮಾತುಗಳಲ್ಲಿ ಕೇಳಿ ಬಲ್ಲರು.

ಇದಾದ ಮೇಲೆ ಭಾಷೆಯ ಪ್ರಶ್ನೆ ಎದ್ದಿತು. 1956ರ ಚುನಾವಣೆಯಲ್ಲಿ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆ ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿ ಮಾಡುವ ವಚನವನ್ನಿತ್ತು ಗೆದ್ದರು. ಜೂನ್ ತಿಂಗಳಲ್ಲಿ ಅದಕ್ಕಾಗಿ ಕಾಯಿದೆಯನ್ನು ತಂದರು. ಅಂದು ಸಂಸತ್ತಿನಲ್ಲಿ ಸಿಂಹಳೀಯರೇ ಆಗಿದ್ದ ಕಾಲ್ವಿನ್ ಆರ್. ಡಿ ಸಿಲ್ವ ಎಚ್ಚರಿಕೆಯ ಮಾತನ್ನಾಡಿದರು. ಭಾಷೆಗಳೆರಡಾದರೆ ರಾಷ್ಟ್ರ ಒಂದಾಗಿ ಉಳಿಯುವುದೆಂದೂ, ಭಾಷೆ ಒಂದೇ ಆದರೆ ರಾಷ್ಟ್ರ ಎರಡಾಗುವುದೆಂದೂ ಅವರು ಹೇಳಿದುದರ ಸಾರ. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಕೊಲಂಬೊ ನಗರದ ಕಡಲ ದಂಡೆಯಲ್ಲಿರುವ ಗಾಲ್ ಫೇಸ್ ಎಂಬ ಬಯಲಿನಲ್ಲಿ ತಮಿಳು ನಾಯಕ ಚೆಲ್ವನಾಯಕಂ ಮತ್ತು ಅವರ ಸಂಗಡಿಗರು ಗಾಂಧೀಜಿಯ ದಾರಿ ಹಿಡಿದು ಸತ್ಯಾಗ್ರಹಕ್ಕೆ ಕುಳಿತರು. ಗುಂಪುಗಳು ಬಂದು ಅವರನ್ನು ಥಳಿಸಿದುವು. ಮರುವರ್ಷ ಬಂಡಾರನಾಯಕೆ ಮತ್ತು ಚೆಲ್ವನಾಯಕಂ ಕುಳಿತು ಮಾತನಾಡಿ, ತಮಿಳಿಗೆ ಉತ್ತರ ಪೂರ್ವಗಳಲ್ಲಿ ಸ್ಥಾನವನ್ನೂ ಪ್ರಾದೇಶಿಕ ಮಂಡಲಿಗಳಿಗೆ ಅಧಿಕಾರವನ್ನೂ ಕೊಡುವ ಒಪ್ಪಂದಕ್ಕೆ ಬಂದರು. ಬೌದ್ಧ ಭಿಕ್ಷುಗಳ ವಿರೋಧಕ್ಕೆ ಮಣಿದು 1958ರಲ್ಲಿ ಪ್ರಧಾನಿಗಳು ಅದನ್ನು ಮುರಿದರು. ಮುಂದಿನ ತಿಂಗಳೇ ದೊಡ್ಡ ಗಲಭೆಯಾಯಿತು. 1959ರಲ್ಲಿ ಒಬ್ಬ ಭಿಕ್ಷುವಿನ ಗುಂಡಿಗೆ ಬಂಡಾರನಾಯಕೆಯವರೇ ಬಲಿಯಾದರು. ತಾವು ಹೊತ್ತಿಸಿದ ಕಿಡಿಯನ್ನು ಆರಿಸಲು ಹೊರಟಾಗ ಅದು ಅವರ ಕೈಮೀರಿದ್ದಿತು.

ಕಾಯಿದೆಯ ಪುಟದಲ್ಲಿ ಒಂದು ಸಾಲಾಗಿರುವುದು ಮನೆಯ ಬಾಗಿಲಿನಲ್ಲಿ ಬೇರೆಯೇ ಆಗಿ ಕಾಣುತ್ತದೆ. ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದ ಗುಮಾಸ್ತ ಸಿಂಹಳದ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅವನಿಗೆ ಬಡ್ತಿಯಿಲ್ಲ. ಮುದುಕಿಯೊಬ್ಬಳು ಠಾಣೆಗೆ ದೂರು ಕೊಡಲು ಹೋದರೆ ತನ್ನ ಮಾತು ತಿಳಿಯದವರ ಎದುರು ಮೂಕಳಂತೆ ನಿಲ್ಲಬೇಕು. 1971ರಿಂದ ವಿಶ್ವವಿದ್ಯಾನಿಲಯದ ಪ್ರವೇಶದಲ್ಲಿಯೂ ತಮಿಳು ಮಾಧ್ಯಮದ ವಿದ್ಯಾರ್ಥಿಗಳು ಸಿಂಹಳ ಮಾಧ್ಯಮದವರಿಗಿಂತ ಹೆಚ್ಚು ಅಂಕಗಳನ್ನು ಗಳಿಸಬೇಕೆಂಬ ನಿಯಮ ಬಂದಿತು. ಹಿಂದುಳಿದ ಗ್ರಾಮಾಂತರದ ಸಿಂಹಳ ಮಕ್ಕಳಿಗೆ ನೆರವಾಗುವುದು ಅದರ ಉದ್ದೇಶವೆಂದು ಸರಕಾರ ಹೇಳಿತು. ಆದರೆ ವಿದ್ಯೆಯೊಂದನ್ನೇ ಆಸ್ತಿಯೆಂದು ನಂಬಿದ್ದ ಯಾಳ್ಪಾಣದ ಹುಡುಗರಿಗೆ ಅದು ಅನ್ನದ ತಟ್ಟೆಯನ್ನು ಕಸಿದಂತಾಯಿತು. 1972ರ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನವನ್ನು ನೀಡಿತು. ಇಪ್ಪತ್ತು ವರ್ಷಗಳ ಮನವಿ, ಮಾತುಕತೆ, ಸತ್ಯಾಗ್ರಹಗಳಿಂದ ಹಿರಿಯರು ಏನನ್ನು ಪಡೆದರೆಂದು ತರುಣರು ಕೇಳತೊಡಗಿದರು. ಹಿರಿಯರಲ್ಲಿ ಉತ್ತರವಿರಲಿಲ್ಲ. ತರುಣರು ಬಂದೂಕವನ್ನು ಹಿಡಿದರು.

ಬಂದೂಕು ಮೊದಲು ತಿರುಗಿದುದು ಯಾರತ್ತ ಎಂಬುದನ್ನು ಗಮನಿಸಬೇಕು. 1975ರ ಜುಲೈ ತಿಂಗಳಲ್ಲಿ ದೇವಾಲಯವೊಂದಕ್ಕೆ ಪೂಜೆಗೆಂದು ಬಂದಿದ್ದ ತಮಿಳರೊಬ್ಬರನ್ನು ತಮಿಳು ತರುಣರೇ ಗುಂಡಿಕ್ಕಿ ಕೊಂದರು. ಅವರು ಆಳುವ ಪಕ್ಷದೊಡನೆ ಸೇರಿದ್ದರೆಂಬುದೇ ಅಪರಾಧ. ಹೀಗೆ ಸತ್ತವರು, ಗ್ರಂಥಾಲಯದ ಬಾಗಿಲನ್ನು ತೆರೆದಿದ್ದ ಆಲ್‌ಫ್ರೆಡ್ ದುರೈಯಪ್ಪ. ಕೊಂದವರ ಮುಂದಾಳು ವೇಲುಪಿಳ್ಳೈ ಪ್ರಭಾಕರನ್. ಮರುವರ್ಷ ಆತ ಸ್ಥಾಪಿಸಿದ ಸಂಘಟನೆಯೇ ಮುಂದೆ ಲೋಕಪ್ರಸಿದ್ಧವಾದ ತಮಿಳು ಈಳಂ ವಿಮೋಚನಾ ಹುಲಿಗಳು. ಪ್ರತ್ಯೇಕ ರಾಜ್ಯವಾದ ಈಳವೇ ಅವರ ಗುರಿ.

1981ರ ಮೇ ತಿಂಗಳ ಕೊನೆಯ ದಿನ, ಯಾಳ್ಪಾಣದ ಚುನಾವಣಾ ಸಭೆಯೊಂದರಲ್ಲಿ ಕಾವಲಿದ್ದ ಪೊಲೀಸರ ಮೇಲೆ ಉಗ್ರಗಾಮಿಗಳು ಗುಂಡು ಹಾರಿಸಿದರು. ಸೇಡಿಗಾಗಿ ಪೊಲೀಸರೂ ಅವರೊಡನೆ ಸೇರಿದ ಗುಂಪುಗಳೂ ಬೀದಿಗಿಳಿದುವು. ಅಂಗಡಿಗಳು, ಪತ್ರಿಕಾ ಕಚೇರಿ, ಸಂಸತ್ ಸದಸ್ಯರ ಮನೆ ಉರಿದುವು. ಕೊನೆಗೆ ಬೆಂಕಿ ಗ್ರಂಥಾಲಯಕ್ಕೂ ಬಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದ ಪರಿ ಅದು. ನೂರಾರು ವರ್ಷ ಗೆದ್ದಲಿಗೂ ಮಳೆಗೂ ತಪ್ಪಿಸಿಕೊಂಡು ಬಂದಿದ್ದ ತಾಳೆಯೋಲೆಗಳು ಒಂದೇ ರಾತ್ರಿಯಲ್ಲಿ ಬೂದಿಯಾದುವು. ಬಹುಭಾಷಾ ಪಂಡಿತರಾಗಿದ್ದ ಡೇವಿಡ್ ಎಂಬ ಪಾದ್ರಿಗಳು ಆ ಉರಿಯನ್ನು ದೂರದಿಂದ ಕಂಡು ಕುಸಿದು ಪ್ರಾಣಬಿಟ್ಟರೆಂದು ಯಾಳ್ಪಾಣದ ಜನ ಇಂದಿಗೂ ನೆನೆಯುತ್ತಾರೆ. ಮನೆ ಸುಟ್ಟರೆ ಮತ್ತೆ ಕಟ್ಟಬಹುದು. ಪ್ರತಿಯಿಲ್ಲದ ಓಲೆ ಸುಟ್ಟರೆ ಅದನ್ನು ಬರೆದವನು ಎರಡನೆಯ ಬಾರಿ ಸಾಯುತ್ತಾನೆ.

1983ರ ಜುಲೈ 23ರಂದು ಹುಲಿಗಳು ಹೊಂಚುಹಾಕಿ 13 ಮಂದಿ ಸೈನಿಕರನ್ನು ಕೊಂದರು. ಮರುದಿನ ಕೊಲಂಬೊದಲ್ಲಿ ಶವಸಂಸ್ಕಾರಕ್ಕೆ ಸೇರಿದ್ದ ಜನ ಉದ್ರಿಕ್ತರಾದರು. ಅಲ್ಲಿಂದ ಮುಂದೆ ಒಂದು ವಾರ ನಡೆದುದನ್ನು ಆ ದೇಶ ‘ಕಪ್ಪು ಜುಲೈ’ ಎಂದು ಕರೆಯುತ್ತದೆ. ಗುಂಪುಗಳು ಮತದಾರರ ಪಟ್ಟಿಯನ್ನು ಹಿಡಿದು ತಮಿಳರ ಮನೆಗಳನ್ನು ಹುಡುಕಿದುವು. ಸೆರೆಮನೆಯೊಳಗೇ 53 ಮಂದಿ ತಮಿಳು ಬಂದಿಗಳ ಕೊಲೆಯಾಯಿತು. ಸತ್ತವರು ನಾನೂರೆಂದು ಕೆಲವರೂ ಮೂರು ಸಾವಿರವೆಂದು ಕೆಲವರೂ ಎಣಿಸುತ್ತಾರೆ. ಆದರೆ ಅದೇ ಬೀದಿಗಳಲ್ಲಿ ತಮಿಳು ನೆರೆಯವರನ್ನು ತಮ್ಮ ಮನೆಯೊಳಗೆ ಅಡಗಿಸಿ, ಬಾಗಿಲಿಗೆ ಅಡ್ಡ ನಿಂತು ಕಾಪಾಡಿದ ಸಿಂಹಳೀಯರೂ ಅನೇಕರಿದ್ದರೆಂಬುದನ್ನು ಮರೆಯಲಾಗದು. ಸಾವಿರಾರು ತಮಿಳರು ದೋಣಿಯೇರಿ ಭಾರತಕ್ಕೂ ದೂರದ ಕೆನಡ, ಯೂರೋಪುಗಳಿಗೂ ಹೋದರು. ಸಾವಿರಾರು ತರುಣರು ಹುಲಿಗಳೊಡನೆ ಸೇರಿದರು. ಕಿಡಿಗಳೆಲ್ಲ ಸೇರಿ ಅಂತರ್ಯುದ್ಧವಾಯಿತು.

ಭಾರತ ಇದರಲ್ಲಿ ಹೊರಗಿನದಾಗಿ ಉಳಿಯಲಿಲ್ಲ. ತಮಿಳು ತರುಣರಿಗೆ ಮೊದಲು ಇಲ್ಲಿ ಆಶ್ರಯವೂ ಶಸ್ತ್ರಶಿಕ್ಷಣವೂ ದೊರೆತುವು. 1987ರ ಜುಲೈ 29ರಂದು ಪ್ರಧಾನಿ ರಾಜೀವ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿಪಾಲನೆಗೆಂದು ಹೋದ ಭಾರತದ ಸೇನೆ ಕೆಲವೇ ತಿಂಗಳಲ್ಲಿ ಹುಲಿಗಳೊಡನೆ ಯುದ್ಧಕ್ಕೆ ನಿಲ್ಲಬೇಕಾಯಿತು. ಸುಮಾರು 1,200 ಮಂದಿ ಭಾರತೀಯ ಯೋಧರು ಅಲ್ಲಿ ಮಡಿದರು. ಆ ಕಾಳಗದಲ್ಲಿ ಯಾಳ್ಪಾಣದ ನಿರಪರಾಧಿಗಳೂ ಸತ್ತರು. 1990ರ ಮಾರ್ಚಿಯಲ್ಲಿ ಸೇನೆ ಹಿಂದಿರುಗಿತು. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ಹುಲಿಗಳ ಆತ್ಮಘಾತಕಿಯೊಬ್ಬಳು ರಾಜೀವ ಗಾಂಧಿಯವರ ಪ್ರಾಣವನ್ನು ತೆಗೆದಳು. ಆ ಸಂಚನ್ನು ನಡೆಸಿದ ತಂಡದ ಮುಂದಾಳು ಮತ್ತು ಸಂಗಡಿಗರು ಅದೇ ಆಗಸ್ಟಿನಲ್ಲಿ ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಪೊಲೀಸರು ಸುತ್ತುವರಿದಾಗ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ನೆರೆಯ ಮನೆಯ ಬೆಂಕಿ ಹೀಗೆ ಕನ್ನಡ ನಾಡಿನ ಹೊಸ್ತಿಲಿಗೂ ಬಂದು ಮುಟ್ಟಿದ್ದಿತು.

ಅನ್ಯಾಯದ ವಿರುದ್ಧ ಎದ್ದವರು ತಾವೇ ಅನ್ಯಾಯವನ್ನೆಸಗುವುದಕ್ಕೆ ಬಹಳ ಕಾಲ ಬೇಕಾಗಲಿಲ್ಲ. ಹುಲಿಗಳು ಇತರ ತಮಿಳು ಸಂಘಟನೆಗಳನ್ನು ಒಂದೊಂದಾಗಿ ನಾಶಮಾಡಿದರು. 1990ರ ಅಕ್ಟೋಬರಿನಲ್ಲಿ ಉತ್ತರದ ಮುಸಲ್ಮಾನರೆಲ್ಲರೂ ತಕ್ಷಣವೇ ಊರು ಬಿಡಬೇಕೆಂದು ಆಜ್ಞಾಪಿಸಿದರು. ಯಾಳ್ಪಾಣದವರಿಗೆ ದೊರೆತುದು ಕೆಲವು ಗಂಟೆಗಳ ಅವಧಿ ಮಾತ್ರ. ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಬರಿಗೈಯಲ್ಲಿ ಹೊರಟರು. ಅವರೂ ತಮಿಳನ್ನೇ ಆಡುವವರು. ಅದೇ ಗ್ರಂಥಾಲಯದಲ್ಲಿ ಓದಿದವರು. ಶಾಲೆಗೆ ಹೋಗಬೇಕಾದ ಮಕ್ಕಳ ಕೊರಳಿಗೆ ಸಯನೈಡಿನ ಗುಳಿಗೆಯನ್ನು ಕಟ್ಟಿ ಯುದ್ಧಕ್ಕೆ ಕಳುಹಿಸಿದರು. ಕೊಲಂಬೊದ ಬ್ಯಾಂಕು, ಕ್ಯಾಂಡಿಯ ಪವಿತ್ರ ದಂತದೇಗುಲ, ರೈಲು, ಬಸ್ಸುಗಳಲ್ಲಿ ಬಾಂಬುಗಳು ಸಿಡಿದು ಏನನ್ನೂ ಅರಿಯದ ಸಿಂಹಳೀಯರು ಸತ್ತರು. ಇತ್ತ ಸರಕಾರಿ ಸೇನೆ ಹಳ್ಳಿಗಳ ಮೇಲೆ ಬಾಂಬುಗಳನ್ನು ಹಾಕಿತು. ಹಿಡಿದೊಯ್ದ ತರುಣರು ಅನೇಕರು ಹಿಂದಿರುಗಲಿಲ್ಲ.

ಯಾಳ್ಪಾಣ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ವೈದ್ಯೆ ರಜನಿ ತಿರಣಗಮ ಈ ಎಲ್ಲವನ್ನೂ ಕಣ್ಣಾರೆ ಕಂಡವರು. ಅವರು ಮತ್ತು ಅವರ ಮೂವರು ಸಹೋದ್ಯೋಗಿಗಳು ಕೂಡಿ ಸರಕಾರ, ಭಾರತದ ಸೇನೆ, ಹುಲಿಗಳು ಎಂಬ ಭೇದವನ್ನೆಣಿಸದೆ ಎಲ್ಲರ ಅತ್ಯಾಚಾರಗಳನ್ನೂ ದಾಖಲಿಸಿ ‘ಮುರಿದ ತಾಳೆ’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಗ್ರಂಥವನ್ನು ರಚಿಸಿದರು. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹಿಂದಿರುಗುತ್ತಿದ್ದಾಗ ಅವರನ್ನು ಗುಂಡಿಕ್ಕಿ ಕೊಂದರು. ಇದು ಹುಲಿಗಳ ಕೃತ್ಯವೆಂದೇ ಅವರ ಸಂಗಡಿಗರ ನಂಬಿಕೆ. ಅವರ ವಯಸ್ಸು ಆಗ ಮೂವತ್ತೈದು. ಸತ್ಯವನ್ನು ಎಲ್ಲರ ಬಗೆಗೂ ಹೇಳುವವರಿಗೆ ಯುದ್ಧಭೂಮಿಯಲ್ಲಿ ಯಾವ ಪಕ್ಷದ ರಕ್ಷೆಯೂ ಇರುವುದಿಲ್ಲ.

1995ರ ಡಿಸೆಂಬರಿನಲ್ಲಿ ಸೇನೆ ಯಾಳ್ಪಾಣವನ್ನು ವಶಪಡಿಸಿಕೊಂಡಿತು. ಸುಟ್ಟ ಗ್ರಂಥಾಲಯವನ್ನು ಮತ್ತೆ ಕಟ್ಟುವ ಕಾರ್ಯ 1998ರಲ್ಲಿ ಆರಂಭವಾಯಿತು. ನಾಡಿನ ನಾನಾ ಭಾಗಗಳಿಂದ ಜನ ಇಟ್ಟಿಗೆಯ ಬೆಲೆಯನ್ನೂ ಪುಸ್ತಕಗಳನ್ನೂ ಕೊಟ್ಟರು. ಅವರಲ್ಲಿ ಸಿಂಹಳೀಯರೂ ಇದ್ದರು. 2002ರ ಫೆಬ್ರವರಿಯಲ್ಲಿ ನಾರ್ವೆಯ ಸಂಧಾನದಿಂದ ಕದನವಿರಾಮವಾಯಿತು. ಮರುವರ್ಷ ಗೊತ್ತಾಗಿದ್ದ ಉದ್ಘಾಟನೆ ಹುಲಿಗಳ ವಿರೋಧದಿಂದ ನಿಂತಿತು. ಕೊನೆಗೆ ಸಮಾರಂಭದ ಸಡಗರವಿಲ್ಲದೆಯೇ ಓದುಗರಿಗೆ ಬಾಗಿಲು ತೆರೆಯಿತು. 2004ರ ಡಿಸೆಂಬರ್ 26ರಂದು ಕಡಲು ಉಕ್ಕಿ ಬಂದು ಆ ದ್ವೀಪದಲ್ಲಿ ಸುಮಾರು 35,000 ಜನರನ್ನು ಸೆಳೆದೊಯ್ದಿತು. ತೆರೆಗೆ ತಮಿಳರು, ಸಿಂಹಳೀಯರು, ಮುಸಲ್ಮಾನರೆಂಬ ಭೇದವಿರಲಿಲ್ಲ. ಆದರೂ ಮನುಷ್ಯರು ಅದರಿಂದ ಪಾಠವನ್ನು ಕಲಿಯಲಿಲ್ಲ. 2006ರಲ್ಲಿ ಯುದ್ಧ ಮರುಕಳಿಸಿತು.

2009ರ ಮೊದಲ ತಿಂಗಳುಗಳಲ್ಲಿ ಸೇನೆ ಮುಂದೊತ್ತಿದಂತೆ ಹುಲಿಗಳು ಲಕ್ಷಾಂತರ ಜನರನ್ನು ತಮ್ಮೊಡನೆ ಸೆಳೆದುಕೊಂಡು ಹಿಂದೆ ಸರಿದರು. ಕೊನೆಗೆ ಮುಳ್ಳಿವಾಯ್ಕಾಲ್ ಎಂಬಲ್ಲಿ, ಒಂದು ಕಡೆ ಹಿನ್ನೀರು ಮತ್ತೊಂದು ಕಡೆ ಸಮುದ್ರವಿದ್ದ ಕಿರಿದಾದ ಮರಳದಿಣ್ಣೆಯ ಮೇಲೆ ಅವರೆಲ್ಲರೂ ಸಿಕ್ಕಿಬಿದ್ದರು. ಸರಕಾರವೇ ಸುರಕ್ಷಿತವೆಂದು ಸಾರಿದ ವಲಯಗಳ ಮೇಲೆ, ಆಸ್ಪತ್ರೆಗಳ ಮೇಲೆ ಷೆಲ್ಲುಗಳು ಬಿದ್ದುವು. ತಪ್ಪಿಸಿಕೊಂಡು ಹೊರಟವರಿಗೆ ಹುಲಿಗಳ ಗುಂಡು ಎದುರಾಯಿತು. ಮೇ 18ರ ಹೊತ್ತಿಗೆ ಎಲ್ಲವೂ ಮುಗಿಯಿತು. ಪ್ರಭಾಕರನ್ ಸತ್ತುದನ್ನು ಸರಕಾರ ಸಾರಿತು. ಆ ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದಷ್ಟು ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಮಂಡಲಿ 2011ರಲ್ಲಿ ವರದಿ ಮಾಡಿತು. ಸರಕಾರ ಆ ಲೆಕ್ಕವನ್ನು ಒಪ್ಪಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಒಟ್ಟು ಎಂಬತ್ತು ಸಾವಿರದಿಂದ ಒಂದು ಲಕ್ಷ ಮಂದಿ ಸತ್ತರೆಂದು ಅಂದಾಜು. ಸುಮಾರು ಮೂರು ಲಕ್ಷ ಜನ ಮುಳ್ಳುತಂತಿಯ ಶಿಬಿರಗಳನ್ನು ಸೇರಿದರು. ಅಂದು ಕಾಣೆಯಾದವರ ತಾಯಂದಿರು ಮಕ್ಕಳ ಭಾವಚಿತ್ರವನ್ನು ಎದೆಗವಚಿಕೊಂಡು ವರ್ಷಗಟ್ಟಲೆ ರಸ್ತೆಯ ಬದಿಯಲ್ಲಿ ಕುಳಿತರು. ಅವರು ಕೇಳಿದುದು ರಾಜ್ಯವನ್ನಲ್ಲ. ಮಗ ಇರುವನೋ ಇಲ್ಲವೋ ಎಂಬ ಒಂದು ಮಾತನ್ನು.

ಈ ಯುದ್ಧದಲ್ಲಿ ಗೆದ್ದವರಾರು? 1956ರಲ್ಲಿ ಕೊಡಲೊಲ್ಲದ ಸ್ಥಾನವನ್ನು 1987ರ ಸಂವಿಧಾನ ತಿದ್ದುಪಡಿ ತಮಿಳಿಗೆ ಕೊಟ್ಟಿತು. ತಮಿಳೂ ಆಡಳಿತ ಭಾಷೆಯಾಯಿತು. 2003ರ ಕಾಯಿದೆ ತೋಟದ ತಮಿಳರಲ್ಲಿ ಉಳಿದವರಿಗೆ ಪೌರತ್ವವನ್ನು ನೀಡಿತು. ಮೊದಲೇ ಪ್ರೀತಿಯಿಂದ ಕೊಟ್ಟಿದ್ದರೆ ಒಂದು ಹನಿ ರಕ್ತವೂ ಬೀಳದೆ ಮುಗಿಯಬಹುದಾದುದನ್ನು ತಡಮಾಡಿ ಕೊಟ್ಟಾಗ ಅದನ್ನು ಸ್ವೀಕರಿಸಲು ಅನೇಕರು ಬದುಕಿರಲಿಲ್ಲ. ಕಾಲ ಮೀರಿ ಬಂದ ನ್ಯಾಯ, ಪೈರು ಒಣಗಿದ ಮೇಲೆ ಬಂದ ಮಳೆಯಂತೆ. ಹಾಗೆಯೇ, ನ್ಯಾಯವನ್ನು ಬಂದೂಕಿನಿಂದ ಪಡೆಯಹೊರಟವರು ತಮ್ಮ ಜನರಿಗೆ ಕೊಟ್ಟುದು ಈಳವನ್ನಲ್ಲ, ಸ್ಮಶಾನವನ್ನು.

ಆದರೂ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 2022ರಲ್ಲಿ ಲಂಕೆ ತೀವ್ರವಾದ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದಾಗ ಜನರು ಗಾಲ್ ಫೇಸ್ ಬಯಲಿನಲ್ಲಿ ಸೇರಿ ಸರಕಾರದ ವಿರುದ್ಧ ಪ್ರತಿಭಟಿಸಿದರು. ಮೇ 18ರಂದು ಅಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಮಡಿದವರನ್ನು ನೆನೆದು ದೀಪಗಳನ್ನು ಹಚ್ಚಿದರು. ಮುತ್ತಿಗೆಯ ದಿನಗಳಲ್ಲಿ ಆ ಜನರ ಪ್ರಾಣವನ್ನು ಹಿಡಿದಿರಿಸಿದ ಉಪ್ಪಿನ ಗಂಜಿಯನ್ನು ಸಿಂಹಳೀಯರೂ ತಮಿಳರೂ ಒಟ್ಟಿಗೆ ನಿಂತು ಕುಡಿದರು. 1956ರಲ್ಲಿ ಸತ್ಯಾಗ್ರಹಿಗಳು ಪೆಟ್ಟು ತಿಂದ ಬಯಲೇ ಅದು. ಅರುವತ್ತಾರು ವರ್ಷಗಳ ಬಳಿಕ ಅಲ್ಲಿ ಒಂದು ಬಟ್ಟಲು ಗಂಜಿ ದೊರೆಯಿತು. ಅದು ಅಲ್ಪವಾದುದು, ಆದರೆ ಅದು ಆರಂಭ.

ಯಾಳ್ಪಾಣದ ಗ್ರಂಥಾಲಯ ಮೊದಲಿದ್ದ ರೂಪದಲ್ಲೇ ಬಿಳಿಯ ಗೋಡೆಗಳೊಡನೆ ಮತ್ತೆ ನಿಂತಿದೆ. ಬಾಗಿಲಿನಲ್ಲಿ ಸರಸ್ವತಿ ಕುಳಿತಿದ್ದಾಳೆ. ಕಪಾಟುಗಳಲ್ಲಿ ಹೊಸ ಪುಸ್ತಕಗಳು ತುಂಬಿವೆ. ಸುಟ್ಟುಹೋದ ಓಲೆಗಳು ಮಾತ್ರ ಹಿಂದಿರುಗಲಿಲ್ಲ. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳು ಅಲ್ಲಿ ಪರೀಕ್ಷೆಗೆ ಓದುತ್ತಾರೆ. ತಾಯ್ನುಡಿಯನ್ನು ಪ್ರೀತಿಸುವುದು ಸಹಜ ಧರ್ಮ. ನೆರೆಯವನಿಗೂ ಒಬ್ಬಳು ತಾಯಿಯಿದ್ದಾಳೆ, ಅವಳಿಗೂ ಒಂದು ನುಡಿಯಿದೆ ಎಂಬುದನ್ನು ನೆನೆಯುವುದು ಅದಕ್ಕಿಂತ ಹಿರಿದಾದ ಧರ್ಮ. ಆ ನೆನಪು ಮಾಸಿದ ನಾಡಿನಲ್ಲಿ ಮೊದಲು ಬೆಂಕಿ ಬೀಳುವುದು ಪುಸ್ತಕಕ್ಕೆ. ಮನುಷ್ಯನ ಸರದಿ ಆ ಮೇಲಿನದು.

ಅಭ್ಯಾಸ

1. ಯಾಳ್ಪಾಣಕ್ಕೆ ಆ ಹೆಸರು ಬಂದ ಬಗೆಯನ್ನು ತಿಳಿಸಿರಿ.
2. ಕಾಲ್ವಿನ್ ಆರ್. ಡಿ ಸಿಲ್ವ ನೀಡಿದ ಎಚ್ಚರಿಕೆಯೇನು? ಅದು ಹೇಗೆ ನಿಜವಾಯಿತು?
3. ‘ಬೇಲಿಯೇ ಎದ್ದು ಹೊಲ ಮೇಯ್ದ ಪರಿ ಅದು.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ಸರಕಾರದ ತಪ್ಪುಗಳನ್ನೂ ಬಂಡುಕೋರರ ತಪ್ಪುಗಳನ್ನೂ ಪಾಠದ ಆಧಾರದಿಂದ ಬೇರೆ ಬೇರೆಯಾಗಿ ಬರೆಯಿರಿ.
5. ಗಾಲ್ ಫೇಸ್ ಬಯಲಿನಲ್ಲಿ 1956ರಲ್ಲಿಯೂ 2022ರಲ್ಲಿಯೂ ನಡೆದುದನ್ನು ಹೋಲಿಸಿ ನಿಮ್ಮ ಅಭಿಪ್ರಾಯವನ್ನು ಬರೆಯಿರಿ.